ಕೂಗುವ ಬ್ರೇಕಿಗೆ ಕೀಲೆಣ್ಣೆ

ನಮ್ಮಪ್ಪನ ಮೋಟಾರ್‌ಸೈಕಲ್ಲಿಗೆ ಎಲ್ಲವೂ ಇತ್ತು, ನಿಲ್ಲುವ ಅಭ್ಯಾಸವೊಂದನ್ನು ಬಿಟ್ಟು. ಗಣಿ ಮುಚ್ಚಿದಾಗ ಕೆಜಿಎಫ್ ಬಿಟ್ಟು ಹೊರಟ ಒಬ್ಬ ಅಧಿಕಾರಿಯಿಂದ ಕೊಂಡ ಗಾಡಿ ಅದು. ಆಗಲೇ ಅದಕ್ಕೆ ವಯಸ್ಸಾಗಿತ್ತು. ನಮ್ಮ ಮನೆಯಲ್ಲಿ ನನಗೆ ಜ್ವರ ಬಂದರೆ ಕಷಾಯ, ಅದು ಕೆಮ್ಮಿದರೆ ಬಂಗಾರಪೇಟೆಯಿಂದ ಮೆಕ್ಯಾನಿಕ್.

ಕೆಲವು ವರ್ಷಗಳ ಹಿಂದೆ ಬೂದಿಕೋಟೆ ಹತ್ತಿರದ ಇಳಿಜಾರಿನಲ್ಲಿ ಬ್ರೇಕ್ ವೈರು ತುಂಡಾಗಿ, ಹಿಂದೆ ಕೂತಿದ್ದ ಅಮ್ಮನ ಸಮೇತ ಗಾಡಿ ಲಂಟಾನ ಪೊದೆಗೆ ನುಗ್ಗಿತು. ಪೊದೆಯೇ ರಸ್ತೆಗೆ ಬಂದಿತ್ತು ಎಂಬುದು ಅಪ್ಪನ ವಾದ. ಅಮ್ಮ ವಾದಕ್ಕೆ ಇಳಿಯಲಿಲ್ಲ. ಮುಳ್ಳು ಕಿತ್ತುಕೊಂಡು ಬಸ್ಸು ಹತ್ತಿದವಳು ಮತ್ತೆ ಆ ಸೀಟಿನ ಮೇಲೆ ಕೂರಲಿಲ್ಲ. ಬೇತಮಂಗಲದ ತನ್ನ ತಂಗಿಯ ಮನೆಗೂ ಬಸ್ಸೇ. ಅಪ್ಪ ಸಿಕ್ಕಿದ ವೈರೊಂದನ್ನು ಬಿಗಿದುಕೊಂಡು, ಕಾಲನ್ನೇ ಬ್ರೇಕು ಮಾಡಿಕೊಂಡು, ಡೈರಿಗೆ ಹಾಲು ಹಾಕಿ ಬರುತ್ತಿದ್ದ. ಚಪ್ಪಲಿ ಸವೆಯುವುದು ಬಿಟ್ಟರೆ ಅವನಿಗೆ ಅದರಲ್ಲಿ ತೊಂದರೆಯೇನೂ ಕಾಣಲಿಲ್ಲ. ಅವನನ್ನು ಕೊರೆಯುತ್ತಿದ್ದದ್ದು ಆ ಖಾಲಿ ಸೀಟು. ಅಮ್ಮ ಊರ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದರೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದ.

ದೀಪಾವಳಿ ಮುಗಿದ ಮೇಲೆ ಒಂದು ದಿನ ನನ್ನನ್ನು ಕರೆದ. "ಲೇ, ಎರಡೂ ಬ್ರೇಕ್ ವೈರು ಒಸ್ದಾಗಿ ಆಕಿಸ್ಲಾ. ನಿಮ್ಮಮ್ಮ ಕೂತ್ಕೋಬೇಕು" ಎಂದ.

ಬಂಗಾರಪೇಟೆಯ ಬಿಡಿಭಾಗದ ಅಂಗಡಿಯವನು ಗಾಡಿಯ ಹೆಸರು ಕೇಳಿ ಸಾವಿನ ಸುದ್ದಿ ಕೇಳಿದವನಂತೆ ಮುಖ ಮಾಡಿದ. ಕೊನೆಗೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಒಬ್ಬ ಒಪ್ಪಿದ. ಅದನ್ನು ಹಿಂದೆ ಮುಟ್ಟಿದವರನ್ನೆಲ್ಲ ಆತ ತಮಿಳಿನಲ್ಲಿ ಬೈದು, ಗಾಡಿಯನ್ನು ತೆಲುಗಿನಲ್ಲಿ ಹೊಗಳಿ, ನಾಳೆ ಬನ್ನಿ ಎಂಬುದನ್ನು ಮಾತ್ರ ನನಗೆ ಅರ್ಥವಾಗಲೆಂದು ಕನ್ನಡದಲ್ಲಿ ಹೇಳಿದ. ಆ ನಾಳೆ ಬರುವಷ್ಟರಲ್ಲಿ ತಿಂಗಳು ಕಳೆಯಿತು. ತುಕ್ಕು ಹಿಡಿದ ವೈರುಗಳನ್ನು ಎಳೆದು ಬಿಸಾಕಿ, ಹೊಸದನ್ನು ಅಳತೆಗೆ ಕತ್ತರಿಸಿ, ತುದಿಗೆ ಬೆಸುಗೆ ಹಾಕಿ ಕೂರಿಸಿದ್ದ. ಗಾಡಿ ಹೇಳಿದ ಕಡೆ ನಿಂತಿತು. ನಿಲ್ಲುವಾಗ ಮಾತ್ರ ಊರಿಗೇ ಕೇಳುವಂತೆ ಕಿರುಚಿತು. ಇಷ್ಟು ವರ್ಷ ಅದನ್ನು ಯಾರೂ ನಿಲ್ಲು ಅಂದಿರಲಿಲ್ಲವಲ್ಲ. ಓಡಿದರೆ ಸದ್ದು ತಾನಾಗಿ ಹೋಗುತ್ತದೆ ಎಂದು ಮೆಕ್ಯಾನಿಕ್ ಸಮಾಧಾನ ಹೇಳಿದ.

ಅಪ್ಪ ಅಂಗಳದಲ್ಲಿ ಓಡಿಸಿ, ನಿಲ್ಲಿಸಿ, ಅಮ್ಮನಿಗೆ ತೋರಿಸಿದ. ಕೊಟ್ಟಿಗೆಯ ಹಸುಗಳು ಹಗ್ಗ ಜಗ್ಗಿದವು. ಇಷ್ಟು ಅರಚುವ ಗಾಡಿಯ ಮೇಲೆ ತಾನು ಕೂರುವುದಿಲ್ಲ ಎಂದು ಅಮ್ಮ ಒಳಗೆ ಹೋದಳು.

ಮಾರನೇ ದಿನ, ಶನಿವಾರ, ನಾನು ಕೆಲಸಕ್ಕೆ ರೈಲು ಹತ್ತಿದ ಮೇಲೆ ಏನಾಯಿತೆಂಬುದು ನನಗೆ ಗೊತ್ತಾದದ್ದು ತೀರ ತಡವಾಗಿ. ಅಪ್ಪ ಎತ್ತಿನ ಗಾಡಿಯ ಜೊತೆ ಬೆಳೆದವನು. ಅವನ ಶಾಸ್ತ್ರದಲ್ಲಿ ಚಕ್ರ ಕೂಗಿದರೆ ಒಂದೇ ಮದ್ದು, ಕೀಲೆಣ್ಣೆ. ಎರಡೂ ಚಕ್ರ ಬಿಚ್ಚಿ, ಬ್ರೇಕು ಕಚ್ಚಿ ಹಿಡಿಯುವ ಜಾಗಕ್ಕೇ ಹರಳೆಣ್ಣೆ ಧಾರಾಳವಾಗಿ ಬಿಟ್ಟಿದ್ದಾನೆ. ಆಮೇಲೆ ಗಾಡಿಯನ್ನು ಮೆಲ್ಲಗೆ ದೂಡಿ, ಬ್ರೇಕು ಅಮುಕಿ, ಸದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದಾನೆ. ನಿಂತಿತೋ ಇಲ್ಲವೋ ಎಂಬುದು ಆ ಪರೀಕ್ಷೆಯಲ್ಲಿ ಇರಲಿಲ್ಲ.

ಸದ್ದು ಹೋಯಿತೆಂದು ಭಾನುವಾರ ಅಮ್ಮ ಒಳ್ಳೆಯ ಸೀರೆ ಉಟ್ಟು, ಚಕ್ರದಡಿ ನಿಂಬೆಹಣ್ಣಿಟ್ಟು, ದೇವರಿಗೆ ಕೈಮುಗಿದು, ಬೇತಮಂಗಲಕ್ಕೆಂದು ಹತ್ತಿ ಕೂತಳು. ಅಪ್ಪನ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು. ನನ್ನ ಸ್ಕೂಟರಿನಲ್ಲಿ ಹಿಂದೆಯೇ ಹೊರಟೆ.

ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ, ಹೋಗಿ ಬರುವವರ ಗಾಡಿಗಳೇ ಎತ್ತು. ಬೇತಮಂಗಲದ ದಾರಿಯ ಒಂದು ಇಳಿಜಾರಿನ ಕೆಳಗೆ ರಸ್ತೆ ತುಂಬ ಹುರುಳಿ ಗಿಡ ಹರಡಿ, ಅಂಚಿನಲ್ಲಿ ರಾಶಿ ಹಾಕಿದ್ದರು. ಮೇಲಿನಿಂದಲೇ ಅಪ್ಪ ಎರಡೂ ಬ್ರೇಕು ಅಮುಕಿದ್ದು ಕಂಡಿತು. ಗಾಡಿ ಒಂದಿಷ್ಟೂ ಸದ್ದು ಮಾಡದೆ ಇನ್ನಷ್ಟು ಜೋರಾಗಿ ಇಳಿಯಿತು. ಅಪ್ಪನ ಎರಡೂ ಕಾಲು ನೆಲಕ್ಕೆ ಬಂದವು, ಒಂದು ಚಪ್ಪಲಿ ಹಿಂದೆ ಉಳಿಯಿತು. ಗಾಡಿ ಹುರುಳಿ ರಾಶಿಗೆ ನುಗ್ಗಿ, ನಿಧಾನವಾಗಿ ಪಕ್ಕಕ್ಕೆ ಮಲಗಿತು. ಯಾರಿಗೂ ಏನೂ ಆಗಲಿಲ್ಲ. ರಾಶಿಯ ಯಜಮಾನಿ ಕಾಳಿಗೆ ಮಣ್ಣು ಬೆರೆಯಿತೆಂದು ಪೊರಕೆ ಹಿಡಿದುಕೊಂಡು ಬಂದಳು.

ನಾನು ಓಡಿ ಹೋಗಿ ಅಮ್ಮನನ್ನು ಎಬ್ಬಿಸಿ, ಸ್ಕೂಟರ್ ಹತ್ತು ಎಂದೆ. ಅಪ್ಪನ ಮೇಲೆ ನನಗೆ ಕೆಂಡದಂಥ ಕೋಪ. ಅಂದು ಪೊದೆಯನ್ನು ದೂರಿದವನು ಈ ಸಲ ರಾಶಿಯನ್ನು ದೂರಲಿಲ್ಲ. ಎಣ್ಣೆ ಜಿನುಗುತ್ತಿದ್ದ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ತಲೆ ಎತ್ತದೆ ಅಮ್ಮನಿಗೆ ಹೇಳಿದ: "ಸದ್ದು ಬಂದ್ರೆ ಕೂರಲ್ಲ ಅಂದ್ಯಲ್ಲ. ಅದ್ಕೇ ಕೀಲೆಣ್ಣೆ ಬಿಟ್ಟೆ."

ಅಮ್ಮ ಸೀರೆಗೆ ಮೆತ್ತಿದ ಹೊಟ್ಟು ಕೊಡವಿಕೊಂಡಳು. ನನ್ನ ಸ್ಕೂಟರಿನ ಕಡೆ ನೋಡಲೂ ಇಲ್ಲ. ಹೋಗಿ ಅವನ ಪಕ್ಕದ ಕಲ್ಲಿನ ಮೇಲೆ ಕೂತಳು.

"ಎಣ್ಣೆ ಒರ್ಸಾಕು, ಕಾಯ್ತೀನಿ. ನಿಲ್ಲಲ್ಲ ಅಂತ ಮೊದ್ಲೇ ಏಳಿದ್ರೆ ನಿನ್ನನ್ನ ಗಟ್ಟಿಯಾಗಿ ಇಡ್ಕೋತಿದ್ದೆ, ಅಷ್ಟೇ."