ಬಯಕೆ ಊಟದ ಮೀನು

ನಮ್ಮಮ್ಮ ಮೀನು ಕೊಳ್ಳುವುದೆಂದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ದೊಡ್ಡ ಸಂಗತಿ. ಕಿವಿರು ಎತ್ತಿ ನೋಡಬೇಕು, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಬೇಕು, ಒಳಗೆ ಮೊಟ್ಟೆಯಿದೆ ಎಂದು ಖಾತ್ರಿಯಾದ ಮೇಲೆಯೇ ಚೌಕಾಸಿ. ನಾನು ಬಸುರಿಯೆಂದು ಗೊತ್ತಾದದ್ದೇ ಕುಂದಾಪುರದಿಂದ ರೈಲು ಹತ್ತಿ ಚೆನ್ನೈಗೆ ಬಂದವಳು, ವಾರ ಕಳೆಯುವುದರೊಳಗೆ ಸೈದಾಪೇಟೆ ಮಾರ್ಕೆಟ್ಟಿನ ಮೀನಿನಾಕೆಯ ಗೆಳತಿಯಾಗಿದ್ದಳು. ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನ ಅಕ್ಕಪಕ್ಕದವರೆಲ್ಲ ಸಸ್ಯಾಹಾರಿಗಳು. ಕಿಟಕಿ ಮುಚ್ಚಿ, ಕಳ್ಳರ ಹಾಗೆ ಮೀನು ಹುರಿಯುತ್ತಿದ್ದೆವು.

ಆಗ ನನಗೆ ನಲವತ್ತರ ಹತ್ತಿರ. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಕೀಲ್ಪಾಕಿನ ಡಾಕ್ಟರು ಒಳ್ಳೆಯವರೇ, ಆದರೆ ಹೋದಾಗಲೆಲ್ಲ ನನ್ನ ವಯಸ್ಸನ್ನು ನೆನಪಿಸದೆ ಬಿಡುತ್ತಿರಲಿಲ್ಲ. ಈ ಮಗುವೂ ಉಳಿಯದಿದ್ದರೆ ಎಂಬ ಹೆದರಿಕೆ ಊಟದ ತಟ್ಟೆಯ ಮುಂದೆಯೂ ಬಂದು ಕೂರುತ್ತಿತ್ತು.

ನನ್ನ ಕೆಲಸವೋ, ತಾಂಬರಂನಿಂದಾಚೆಯ ಒಂದು ಕೇಂದ್ರದಲ್ಲಿ ತಾಯಿ ಮೀನು ಸಾಕಿ ಮರಿ ಮಾಡಿಸುವುದು. ಮೊದಲ ಸಲ ಮೊಟ್ಟೆಯಿಟ್ಟ ಎಳೆಯ ಮೀನಿನ ಮರಿಗಳು ಮೇವು ಸ್ವಲ್ಪ ತಡವಾದರೂ ಸತ್ತು ತೊಟ್ಟಿಯ ತಳ ಸೇರುತ್ತವೆ. ವಯಸ್ಸಾದ ತಾಯಿಯ ಮೊಟ್ಟೆ ದೊಡ್ಡದು, ಅದರೊಳಗಿನ ಎಣ್ಣೆಯ ಹನಿಯೂ ದೊಡ್ಡದು. ಬುತ್ತಿ ಕಟ್ಟಿಕೊಂಡೇ ಹುಟ್ಟುವ ಆ ಮರಿ ಹಸಿವು ತಡೆಯುತ್ತದೆ. ಎಲ್ಲ ಜಾತಿಗೂ ಇದೇ ಮಾತು ಹೇಳಲಾರೆ, ನಮ್ಮ ತೊಟ್ಟಿಯಲ್ಲಿ ಹೀಗೆ.

ಬಯಕೆ ಊಟದ ಮುಂಚಿನ ದಿನ ಅಮ್ಮ ಮಾರ್ಕೆಟ್ಟಿನಿಂದ ಸಂಭ್ರಮದಿಂದ ಬಂದಳು. ಮರುದಿನದ ದೋಣಿಯಿಂದ ಎಲ್ಲಕ್ಕಿಂತ ದೊಡ್ಡ ಮೊಟ್ಟೆ ಮೀನು ತರಲು ಮೀನಿನಾಕೆಗೆ ಹೇಳಿಬಿಟ್ಟಿದ್ದಳು.

"ದೊಡ್ಡ ಮೀನಿನ್ ಮೊಟ್ಟೆಗೆ ಶಕ್ತಿ ಜಾಸ್ತಿ, ಮಗಾ. ಶಿಶುವಿಗೆ ಒಳ್ಳೇದ್."

"ಶಕ್ತಿ ಇರೋದಕ್ಕೇ ಬೇಡ ಅಂಬುದ್ ಅಮ್ಮ," ಎಂದೆ. "ದೊಡ್ಡದ್ ಅಂದ್ರೆ ಹಳೇ ತಾಯಿ, ಅದರ್ ಮರಿಗಳೇ ಬದುಕುದ್. ಅದನ್ನೇ ಆರಿಸಿ ಆರಿಸಿ ತಿಂದ್ರೆ ಕಡಲಲ್ಲಿ ಎಳೇವು ಮಾತ್ರ ಉಳಿತೊ. ಮುಂದೆ ಮೀನ್ ಎಲ್ಲಿಂದ ಬಪ್ಪುದ್?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಹಳೇ ತಾಯಿ ಮರಿ ಬದುಕುತ್ತ್ ಅಂತ ನೀನೇ ಹೇಳ್ತೆ. ಮತ್ತೆ ನಿಂಗ್ ಎಂತಕ್ಕೆ ಹೆದ್ರಿಕೆ?"

ಮೀನಿನ ಲೆಕ್ಕ ಮನುಷ್ಯರಿಗೆ ಹೊಂದುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಿಂಗಳುಗಳಿಂದ ಕಟ್ಟಿಕೊಂಡಿದ್ದ ಅಳು ಬಂದೇಬಿಟ್ಟಿತು. ಅಮ್ಮ ತಲೆ ಸವರಿ, ಫೋನೆತ್ತಿ, ತನ್ನ ಹರಕು ತಮಿಳಿನಲ್ಲಿ ದೊಡ್ಡ ಮೀನು ಬೇಡವೆಂದಳು. ಮರುದಿನ ಎಲೆಗೆ ಬಿದ್ದದ್ದು ಸಣ್ಣ ಸಿಗಡಿ.

"ಅದ್ ಅಲ್ಲಿ ಕಡಲಲ್ಲಿ ಹೆರ್ಲಿ," ಎನ್ನುತ್ತ ಬಡಿಸಿದಳು. "ನೀ ಇಲ್ಲಿ ಹೆರು."

ಹೆತ್ತೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ತಮಿಳಿನಲ್ಲಿ. ಅಮ್ಮ ಬಂದಾಗ ಇಬ್ಬರೂ ಮಾರ್ಕೆಟ್ಟಿಗೆ ಹೋಗುತ್ತಾರೆ. ಅಜ್ಜಿ ಮೀನಿನ ಹೊಟ್ಟೆ ಒತ್ತಿ ನೋಡಿ, ಮೊಟ್ಟೆಯಿದೆಯೆಂದು ತಲೆಯಾಡಿಸಿದರೆ ಸಾಕು, ಮೊಮ್ಮಗಳು ಮೀನಿನಾಕೆಗೆ ಅದು ಬೇಡವೆಂದು ಗಟ್ಟಿಯಾಗಿ ಹೇಳುತ್ತಾಳೆ: "ಮುಟ್ಟೆ ಇರುಕ್ಕು. ಇದು ವೇಂಡಾಂ!"