ಚಿಕ್ಕಮ್ಮ ಕುಡಿಯದ ದ್ರಾಕ್ಷಾರಸ

ಕಪ್ಪು ದ್ರಾಕ್ಷಿ ಸಕ್ಕರೆಯ ಜೊತೆ ಕುದಿಯುವ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಬಂದರೆ ಸಿಟ್ಟು ಬರುತ್ತದೆ. ಇವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮನೆಯವರು ಮೊದಲೇ ಆಡಿಕೊಳ್ಳುತ್ತಾರೆ. ಅದೇ ಮೂಗಿಗೆ ಈ ವಾಸನೆಯೂ ಬಡಿದರೆ ಕೇಳಬೇಕೆ? ಮೊನ್ನೆ ಶನಿವಾರ ಹೊಸಪೇಟೆಯ ನಮ್ಮ ಅಡುಗೆಮನೆಯಲ್ಲಿ ಮರುದಿನ ಚರ್ಚಿನಲ್ಲಿ ನಡೆಯುವ ಪ್ರಭುಭೋಜನಕ್ಕೆ ರಸ ಕುದಿಸುತ್ತಾ ಸೌಟನ್ನು ಕುಕ್ಕಿದೆ. ಪಡಸಾಲೆಯಿಂದ ಚಿಕ್ಕಮ್ಮ, "ಪಾತ್ರಿ ಏನ್ ಮಾಡೈತಲೇ ನಿನಗ?" ಅಂದಳು.

ನಮ್ಮ ಚರ್ಚಿನ ಸಭೆಗೆ ಈ ರಸವನ್ನು ಮೊದಲು ಕುದಿಸುತ್ತಿದ್ದವಳು ಅವಳೇ, ನನ್ನ ತಾಯಿಯ ತಂಗಿ. ಆಗ ಅವಳಿಗೆ ಕುರೆಕುಪ್ಪದಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಾಂಟ್ರಾಕ್ಟ್ ಕೆಲಸ. ಕೊರಳಲ್ಲಿ ಗೇಟ್ ಪಾಸ್ ಸದಾ ನೇತಾಡುತ್ತಿತ್ತು. ಭಾನುವಾರ ಆರಾಧನೆಗೂ ಅದನ್ನು ಹಾಕಿಕೊಂಡೇ ಬರುತ್ತಿದ್ದಳು. ಕಳೆದುಹೋದರೆ ಎಂಬ ಹೆದರಿಕೆ. ಯೇಸುವಿನ ಮರಣವನ್ನು ನೆನೆದು ರೊಟ್ಟಿಯ ಚೂರು, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನ, ತಾನೇ ಕುದಿಸಿ ಸೋಸಿದ ರಸವನ್ನು ಪುಟ್ಟ ಬಟ್ಟಲುಗಳಿಗೆ ತುಂಬಿ ಕೊಡುತ್ತಿದ್ದಳು. ಆ ಬಟ್ಟಲುಗಳ ತಟ್ಟೆ ತನ್ನ ಹತ್ತಿರ ಬಂದಾಗ ಮಾತ್ರ ತಲೆ ತಗ್ಗಿಸಿ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ.

ಯಾಕೆ ಗೊತ್ತೇ? ಮೆಟ್ರಿ ಊರಿನ ಅವಳ ಗಂಡ ಕುಡಿದು ಹೊಡೆಯುತ್ತಿದ್ದ. ಅವನು ಅವಳ ಕೈ ಮುರಿದ ದಿನ ಅವಳು ಬಸ್ಸು ಹತ್ತಿ ಬಂದುಬಿಟ್ಟಳು. ನಮ್ಮ ಸಭೆಯ ಹಿರಿಯರೊಬ್ಬರು, ಸಂಡೂರಿನವರು, ಎಲ್ಲರೆದುರು ಹೇಳಿದರು: "ಮೊದ್ಲು ಹೋಗಿ ಗಂಡನ್ನ ಕೂಡ್ಕೊಂಡು ಬಾಳ್ವಿ ಮಾಡವ್ವ. ಆಮ್ಯಾಲೆ ಬಟ್ಟಲಿಗೆ ಕೈ ಚಾಚು. ಅದಕ್ಕ ಯೋಗ್ಯತಿ ಬೇಕು." ಕೈಯಿನ್ನೂ ಪಟ್ಟಿಯಲ್ಲಿತ್ತು. ಯಾವ ಕೈ ಚಾಚಬೇಕಿತ್ತೋ ಪುಣ್ಯಾತ್ಮ ಹೇಳಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮವರಿಗೆ ತಗಲುವುದಿಲ್ಲ, ನಮ್ಮಲ್ಲಿ ಪೂಜಾರಿಗಳೇ ಇಲ್ಲವಲ್ಲ ಎಂದು ನಾನು ಜಂಬಪಟ್ಟುಕೊಂಡಿದ್ದೆ. ನಿಮ್ಮ ಮುಖ ನೋಡಿ ಅಲ್ಲ, ತನ್ನ ಪ್ರೀತಿಯಿಂದಲೇ ದೇವರು ನಿಮ್ಮನ್ನು ಮಕ್ಕಳು ಅನ್ನುತ್ತಾನೆ, ಅದನ್ನು ತೆಗೆದುಕೊಂಡವನೇ ಕ್ರೈಸ್ತ ಎಂದು ನಾವು ಗಂಟಲು ಹರಿಯುವಂತೆ ಹಾಡುತ್ತೇವೆ. ಹಾಡು ಮುಗಿದ ಕೂಡಲೇ ಬಾಗಿಲಿಗೆ ಕಾವಲು. ಥೂ! ಆದರೆ ಹಿರಿಯರಿಗಿಂತ ನನಗೆ ಚಿಕ್ಕಮ್ಮನ ಮೇಲೇ ಹೆಚ್ಚು ಕೋಪ. ಅವಳು ಆ ಮಾತನ್ನು ನಂಬಿಬಿಟ್ಟಿದ್ದಳು.

"ನಾವು ಕಾಂಟ್ರಾಕ್ಟ್ ಮಂದಿಯವ್ವ," ಅನ್ನುತ್ತಿದ್ದಳು. "ದೇವ್ರ ಮನ್ಯಾಗೂ ಅಷ್ಟ. ಪರ್ಮನೆಂಟ್ ಆದವ್ರು ಬ್ಯಾರೆ ಅದಾರ. ನನ್ ಪಾಸ್ ಯಾವಾಗ ಕಿತ್ಕೊಂತಾರೋ ಯಾರಿಗ್ ಗೊತ್ತು?"

ಒಂದು ಸಂಜೆ ನಮ್ಮ ಮನೆಗೆ ಬಂದಿದ್ದಾಗ ಅವಳು ನಗುತ್ತಾ ಕ್ಯಾಂಟೀನಿನ ಸುದ್ದಿ ಹೇಳಿದಳು. ಶಿಫ್ಟ್ ಮುಗಿಸಿ ಬಂದ ಕೂಲಿಯವನ ಹತ್ತಿರ ಊಟದ ಕೂಪನ್ ಇರಲಿಲ್ಲವಂತೆ. "ಕೂಪನ್ ಹಾಳಾಗ್ಲಪ್ಪ, ಮೊದ್ಲು ಉಣ್ಣು ಅಂದೆ. ಸೂಪರ್‌ವೈಸರ್ ಭಾಳ ಬೈದ, ಬೈಲಿ ಬಿಡು."

ನನಗೆ ತಡೆಯಲಾಗಲಿಲ್ಲ. "ಕೂಪನ್ ಇಲ್ದವ್ರಿಗೆ ನೀ ಅನ್ನ ಹಾಕ್ತಿ. ದೇವ್ರು ನಿನಗಿಂತ ಜಿಪುಣ ಅದಾನೇನು?"

"ಹಂಗ ಅನಬ್ಯಾಡಲೇ ದೇವ್ರಿಗೆ!"

"ನಾ ಎಲ್ಲಿ ಅಂತೀನಿ? ತಟ್ಟಿ ದಾಟ್ಸಿದಾಗೆಲ್ಲ ನೀನೇ ಅಂತಿ!"

ಅವಳು ಅವತ್ತು ಉಣ್ಣದೆ ಮಲಗಿದಳು. ಮುಂದಿನ ಪ್ರಭುಭೋಜನದಲ್ಲಿ ತಟ್ಟೆ ಬಂದಾಗ ಮುರಿದು ಕೂಡಿದ್ದ ಅದೇ ಕೈಯಿಂದ ಬಟ್ಟಲನ್ನು ಎತ್ತಿಕೊಂಡಳು. ಹಿರಿಯರು ಕೆಮ್ಮಿದರು. "ಆತ ಕೊಟ್ಟಾನ್ರಿ, ನಾ ತಗೊಂಡೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕುಡಿದಳು. ಅತ್ತಳು ಕೂಡ. ಮನೆಗೆ ಬರುವ ದಾರಿಯಲ್ಲಿ ಮಾತ್ರ, "ಸಕ್ರಿ ಎಷ್ಟ್ ಜಾಸ್ತಿ ಆಗೈತಲೇ! ಇಷ್ಟ್ ವರ್ಷ ಒಬ್ರೂ ಹೇಳಿಲ್ಲ ನೋಡು," ಅಂದಳು.

ಈಗ ಅವಳು ನಮ್ಮ ಮನೆಯಲ್ಲೇ ಇದ್ದಾಳೆ. ಶನಿವಾರ ನಾನು ಸೌಟು ಕುಕ್ಕಿದ್ದಕ್ಕೆ ಕಾರಣವೂ ಅವಳೇ. "ನಾಳೆ ಒಂದ್ ಬಟ್ಟಲು ಹೆಚ್ಗಿ ತುಂಬು, ಸಂಡೂರಿಗೆ ಒಯ್ಯಬೇಕು," ಅಂದಿದ್ದಳು. ಆ ಹಿರಿಯರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ.

"ಆ ಮನುಷ್ಯಾಗ? ನಾ ಸತ್ರೂ ಒಯ್ಯಂಗಿಲ್ಲ."

"ನನಗ ಪುಕ್ಕಟೆ ಸಿಕ್ಕೈತಿ. ಅವ್ರ ಹತ್ರ ಏನ್ ಕೇಳ್ಲಿ?"

ಮರುದಿನ ಆರಾಧನೆ ಮುಗಿಸಿ ಹೋದೆವು, ಪಾಸ್ಟರ್ ಜೊತೆ. ಹಿರಿಯರು ಚಿಕ್ಕಮ್ಮನನ್ನು ಕಂಡವರೇ ಗೋಡೆಯ ಕಡೆ ಮುಖ ತಿರುಗಿಸಿದರು. ತೊದಲುತ್ತಾ, "ಬ್ಯಾಡವ್ವ. ನನಗ ಯೋಗ್ಯತಿ ಇಲ್ಲ," ಅಂದರು.

ಆ ಬಾಯಿಂದ ಈ ಮಾತು ಕೇಳಬೇಕೆಂದು ನಾನು ಎಷ್ಟೋ ವರ್ಷ ಹಂಬಲಿಸಿದ್ದೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಪಾಸ್ಟರ್ ಏನೋ ಸಮಾಧಾನ ಹೇಳಲು ಹೊರಟರು. ನಾನು ಚಿಕ್ಕಮ್ಮನ ಕೈಯಿಂದ ಬಟ್ಟಲನ್ನು ಕಸಿದುಕೊಂಡು ಮಂಚದ ಪಕ್ಕ ಕೂತೆ.

"ಯೋಗ್ಯತಿ ಯಾರ್ ಕೇಳಿದ್ರು ನಿಮಗ?" ಎಂದು ಗದರಿದೆ. "ಬಾಯಿ ತೆಗೀರಿ!"

ತೆಗೆದರು.