ಬಾವಿಗೆ ಬಿದ್ದ ಕಾಮನಬಿಲ್ಲು

ನಾನು ಚಿಕ್ಕವನಿದ್ದಾಗ ಯಡಿಯೂರಿನ ನಮ್ಮ ಹಿತ್ತಲಲ್ಲಿ ಒಂದು ಬಾವಿ ಇತ್ತು. ನಮ್ಮ ಕಾಫಿ, ಸ್ನಾನ, ಹಸುಗಳ ಕಲಗಚ್ಚು ಎಲ್ಲಕ್ಕೂ ಅದರದೇ ನೀರು. ಕಟ್ಟೆಗೆ ಕೆನ್ನೆ ಒತ್ತಿ ನಿಂತರೆ ಕೆಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು, ಜೊತೆಗೆ ಕಪ್ಪೆಗಳ ಸದ್ದು.

ಬಾವಿಯ ಪಕ್ಕದ ಬೇಲಿಯಾಚೆ ನಮ್ಮದೇ ಜಾಗದಲ್ಲಿ ಒಬ್ಬ ಲಾರಿ ಗ್ಯಾರೇಜು ಇಟ್ಟಿದ್ದ. ಎಂಜಿನ್ನಿನಿಂದ ತೆಗೆದ ಸುಟ್ಟ ಆಯಿಲ್ಲು ಅವನ ಹತ್ತಿರ ಡಬ್ಬಗಟ್ಟಲೆ ಇರುತ್ತಿತ್ತು. ನಮ್ಮ ಬೇಲಿಯ ಕಂಬಗಳಿಗೋ ಗೆದ್ದಲಿನ ಕಾಟ. ಸುಟ್ಟ ಆಯಿಲ್ಲು ಹಾಕಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಪುಕ್ಕಟೆ ಸಿಕ್ಕಿದ್ದೆಂದರೆ ಅಪ್ಪನಿಗೆ ಬಲು ಪ್ರೀತಿ. ಹೇಗೂ ಚೆಲ್ಲುವುದನ್ನು ಕಂಬದ ಬುಡಕ್ಕೇ ಚೆಲ್ಲು ಎಂದು ಗ್ಯಾರೇಜಿನವನಿಗೆ ಹೇಳಿದ. ಮಳೆಗಾಲದ ಹೊತ್ತಿಗೆ ಬಾವಿಯ ಪಕ್ಕದ ಮಣ್ಣು ಕಪ್ಪಗಾಗಿ ಕಾಲಿಗೆ ಅಂಟುತ್ತಿತ್ತು.

ಆಗಲೇ ಅಕ್ಕನ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ನಮ್ಮಲ್ಲಿ ಗಂಗೆ ಪೂಜೆ ಆಗಲೇಬೇಕು. ಬಾವಿಗೆ ಅರಿಶಿನ ಕುಂಕುಮ ಇಟ್ಟು, ಮದುವಣಗಿತ್ತಿ ಆ ನೀರನ್ನು ಕಳಶಕ್ಕೆ ತುಂಬಿ ಮನೆಯೊಳಗೆ ತರಬೇಕು. ಹಿಂದಿನ ಸಂಜೆ ಜೋರು ಮಳೆಯಾಗಿತ್ತು. ಬೆಳಗ್ಗೆ ಎಲ್ಲರಿಗಿಂತ ಮುಂಚೆ ನಾನೇ ಓಡಿಹೋಗಿ ಇಣುಕಿದೆ. ನೀರಿನ ಮೇಲೆ ನೇರಳೆ, ಹಸಿರು, ಹೊಂಬಣ್ಣ ಸುರುಳಿ ಸುರುಳಿಯಾಗಿ ತಿರುಗುತ್ತಿದ್ದವು. ಬಾವಿಗೆ ಕಾಮನಬಿಲ್ಲು ಬಿದ್ದಿದೆ ಎಂದು ಅಕ್ಕನನ್ನು ಕೂಗಿ ಕರೆದೆ. ಒಂದು ಕಪ್ಪೆಯೂ ಕೂಗುತ್ತಿಲ್ಲ ಎನ್ನುವುದು ಆಮೇಲೆ ಗಮನಕ್ಕೆ ಬಂತು. ಯಾಕೋ ಭಯವಾಯಿತು.

ಅಕ್ಕ ಹೊಸ ಸೀರೆ ಉಟ್ಟು ಬಂದಳು. ಅಪ್ಪ ಸೇದಿದ ಬಿಂದಿಗೆ ಮೇಲೆ ಬಂತು, ಅದರ ಜೊತೆ ಗ್ಯಾರೇಜಿನ ವಾಸನೆಯೂ ಬಂತು. ಅಜ್ಜಿ ನೀರಿಗೆ ಬೆರಳು ಅದ್ದಿ ಮೂಸಿ ನೋಡಿದಳು. ಅಕ್ಕನ ಕೈಯಿಂದ ಕಳಶ ತೆಗೆದುಕೊಂಡು, "ಈ ನೀರು ಒಳಕ್ಕೆ ಬರೋದು ಬೇಡ ಕಣವ್ವ," ಎಂದು ಮೆಲ್ಲಗೆ ಅಂದಳು.

ಅಪ್ಪ ಗ್ಯಾರೇಜಿನವನ ಮೇಲೆ ಹರಿಹಾಯ್ದ. ಅವನು ಕೈ ಒರೆಸಿಕೊಳ್ಳುತ್ತಾ, "ಕಂಬಕ್ಕೆ ಸುರಿ ಅಂತ ನೀವೇ ಹೇಳಿದ್ರಲ್ಲ ಅಣ್ಣ," ಅಂದ. ಅಪ್ಪ ವಾಪಸ್ ಬಂದ. ಅಕ್ಕ ಬೀದಿಯ ಕೊಳಾಯಿಗೆ ಅರಿಶಿನ ಕುಂಕುಮ ಹಚ್ಚಿ, ಅದು ತೊಟ್ಟು ತೊಟ್ಟಾಗಿ ಕೊಟ್ಟ ನೀರನ್ನೇ ಕಳಶಕ್ಕೆ ತುಂಬಿಕೊಂಡಳು. ಮನೆ ಮುಟ್ಟುವವರೆಗೂ ಅಳುತ್ತಿದ್ದಳು.

ಬಾವಿಯನ್ನು ಎಷ್ಟು ಸಲ ಸೇದಿ ಬರಿದು ಮಾಡಿದರೂ ಮಳೆ ಬಂದ ಮರುದಿನ ಬಣ್ಣ ಮತ್ತೆ ತೇಲುತ್ತಿತ್ತು. ಗೆದ್ದಲೂ ಹೋಗಲಿಲ್ಲ, ಬಿಡಿ. ಕೊನೆಗೆ ಅಪ್ಪ ಬಾವಿಗೆ ಚಪ್ಪಡಿ ಹಾಸಿ ಮುಚ್ಚಿಸಿದ. ಕಪ್ಪೆಗಳ ಸದ್ದು ನಾನು ಮತ್ತೆ ಕೇಳಲಿಲ್ಲ.

ಮಕ್ಕಳೇ, ನೀವು ಸೈಕಲ್ ಹೊಡೆಯುವ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗು ಆ ಚಪ್ಪಡಿಯ ಮೇಲೇ ಇದೆ. ನಮ್ಮ ನೀರು ಕಣ್ಣೆದುರಿಗಿತ್ತು, ಕೆಟ್ಟರೆ ಕಾಣುತ್ತಿತ್ತು. ನಿಮ್ಮದು ಬೋರ್‌ವೆಲ್ಲು, ಪೈಪು, ಸಂಪು, ಎಲ್ಲವೂ ಕತ್ತಲಲ್ಲೇ. ಬೋಂಡ ಕರಿದ ಎಣ್ಣೆ ಸಿಂಕಿಗೆ ಸುರಿದರೆ, ಹಳೇ ಮಾತ್ರೆ ಕಮೋಡಿಗೆ ಹಾಕಿದರೆ ನಾನು ರೇಗುವುದು ಅದಕ್ಕೇ. ನಿನ್ನೆ ಮಳೆ ನಿಂತ ಮೇಲೆ ಯಾರದೋ ಸ್ಕೂಟರಿನ ಕೆಳಗೆ ಬಣ್ಣಬಣ್ಣದ ನೀರು ನಿಂತಿತ್ತು. "ತಾತ, ರೈನ್‌ಬೋ ನೋಡು," ಎಂದು ನೀವು ಕುಣಿದಿರಿ. ಆ ನೀರು ಸಣ್ಣಗೆ ಹರಿದು, ಮಳೆನೀರು ಇಂಗಲೆಂದು ತೋಡಿದ ಗುಂಡಿಯ ಜಾಲರಿಯೊಳಗೆ ಇಳಿಯುತ್ತಿತ್ತು. ನಮ್ಮ ಬೋರ್‌ವೆಲ್ಲು ಇರುವುದು ಅದರ ಪಕ್ಕದಲ್ಲೇ.